ಆಯಿಯ ಹನ್ನೊಂದು ಪಾಯಿಂಟ್

ಅಂಕೋಲೆಯ ಓದುಗರೊಬ್ಬರ ಪತ್ರದ ಸಾರ: "ಆಗಸ್ಟ್‌ನಲ್ಲಿ ನಮ್ಮ ಆಯಿಗೆ ಜ್ವರ, ಕೆಮ್ಮು ಶುರುವಾಗಿ ನ್ಯುಮೋನಿಯಾಕ್ಕೆ ತಿರುಗಿತು. ಇನ್‌ಫ್ಲುಯೆಂಜಾ ಎಂದರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಆಯಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ, ಸೊಂಟನೋವಿನಿಂದ ಎರಡು ವರ್ಷದಿಂದ ಮನೆ ಬಿಟ್ಟು ಹೊರಟಿಲ್ಲ. ಆಸ್ಪತ್ರೆ ಸೇರಿದ ಮೂರನೆಯ ದಿನ ತೆಗೆದ ರಕ್ತದಲ್ಲಿ ವಿಟಮಿನ್ ಡಿ ಬರೀ 11 ಇತ್ತು. ಅದೇ ವಾರ ಜ್ವರ ಬಂದ ಪಕ್ಕದ ಮನೆಯ ಹುಡುಗನಿಗೆ ಏಪ್ರಿಲ್‌ನಲ್ಲಿ ಮಾಡಿಸಿದ ತಪಾಸಣೆಯಲ್ಲಿ 34 ಇತ್ತಂತೆ. ಅವನು ನಾಲ್ಕೇ ದಿನಕ್ಕೆ ಎದ್ದು ಓಡಾಡಿದ. ಮೊದಲೇ ವಿಟಮಿನ್ ಕೊಟ್ಟಿದ್ದರೆ ಆಯಿಗೆ ಹೀಗಾಗುತ್ತಿರಲಿಲ್ಲ, ನಾನೇ ಅಲಕ್ಷ್ಯ ಮಾಡಿದೆ. ಮಳೆಗಾಲಕ್ಕೆ ಮುಂಚೆ ಎಲ್ಲರೂ ವಿಟಮಿನ್ ಡಿ ಪೊಟ್ಟಣ ತೆಗೆದುಕೊಳ್ಳಿ ಎಂದು ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿ."

ಪ್ರಿಯ ಸಹೋದರಿ,

ಆಯಿ ಮನೆಗೆ ಬಂದಿದ್ದಾರೆ, ಗಂಜಿ ಸೇರುತ್ತಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಓದಿ ಸಮಾಧಾನವಾಯಿತು. ನಿಮ್ಮ ಮನಸ್ಸನ್ನು ಕೊರೆಯುತ್ತಿರುವ ಮಾತಿಗೇ ಮೊದಲು ಉತ್ತರ ಕೊಡುತ್ತೇನೆ. ಆಯಿ ಆಸ್ಪತ್ರೆ ಸೇರಿದ್ದು ನಿಮ್ಮ ಅಲಕ್ಷ್ಯದಿಂದಲ್ಲ. ಸಮಾಧಾನ ಹೇಳಬೇಕೆಂದು ಹೇಳುವ ಮಾತಲ್ಲ ಇದು. ನಿಮ್ಮ ಪತ್ರವನ್ನು ಮೂರು ಸಲ ಓದಿ, ಇಲ್ಲಿನ ವೈದ್ಯ ಮಿತ್ರರೊಬ್ಬರ ಎದುರಿಗಿಟ್ಟು ಚರ್ಚಿಸಿದ ಮೇಲೆ ಬರೆಯುತ್ತಿದ್ದೇನೆ.

ನೀವು ಹೋಲಿಸಿದ ಎರಡು ಸಂಖ್ಯೆಗಳನ್ನೇ ನೋಡಿ. ಹುಡುಗನ 34 ಏಪ್ರಿಲ್‌ನದು. ಅಂಕೋಲೆಯ ಬಿಸಿಲು ಉಪ್ಪಿನಾಗರಗಳನ್ನೇ ಒಣಗಿಸುವ ತಿಂಗಳು. ಅವನು ಆಗ ಆರೋಗ್ಯವಾಗಿದ್ದ. ಆಯಿಯ 11 ಆಗಸ್ಟ್‌ನದು, ಅದೂ ಜ್ವರ ಏರಿ ಆಸ್ಪತ್ರೆಯಲ್ಲಿ ಮಲಗಿದ್ದಾಗಿನದು. ಮೈಯಲ್ಲಿ ಉರಿಯೂತ ಎದ್ದಾಗ ರಕ್ತದಲ್ಲಿನ ಡಿ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಬಂದವರ ರಕ್ತವನ್ನು ಮೊದಲೂ ಆಮೇಲೂ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿತ್ತು. ಎರಡೇ ದಿನದಲ್ಲಿ ಅವರ ಡಿ ಪ್ರಮಾಣ ಸುಮಾರು ಶೇ 40ರಷ್ಟು ಕುಸಿದಿತ್ತು. ಅವರ ಊಟ ಕೆಟ್ಟಿರಲಿಲ್ಲ, ಎರಡು ದಿನದ ಬಿಸಿಲು ತಪ್ಪಿದ್ದಕ್ಕೆ ಅಷ್ಟು ಇಳಿಯುವುದೂ ಇಲ್ಲ. ಗಾಯಕ್ಕೆ ದೇಹ ಸ್ಪಂದಿಸಿದ ರೀತಿ ಅದು. ಗಂಗಾವಳಿ ಹೊಳೆ ಕೆಂಪಾಗಿ ಹರಿದದ್ದಕ್ಕೆ ಘಟ್ಟದ ಮೇಲೆ ಮಳೆ ಬಂತು ಎಂದು ಯಾರೂ ಹೇಳುವುದಿಲ್ಲವಲ್ಲ.

ಆಯಿಗೆ ಮೊದಲಿನಿಂದಲೂ ಡಿ ಕಡಿಮೆಯೇ ಇದ್ದಿರಬಹುದು. ಆದರೆ ಏಕೆ ಕಡಿಮೆ? ಸೊಂಟನೋವಿನಿಂದ ಎರಡು ವರ್ಷ ಅಂಗಳಕ್ಕೂ ಇಳಿಯದವರಿಗೆ ಬಿಸಿಲೆಲ್ಲಿಂದ ಬರಬೇಕು? ವಯಸ್ಸಾದಂತೆ ಚರ್ಮ ಡಿ ತಯಾರಿಸುವುದೂ ಕಡಿಮೆಯಾಗುತ್ತದೆ. ಆ ವಯಸ್ಸು, ಆ ಸಕ್ಕರೆ ಕಾಯಿಲೆ, ಆ ನಿತ್ರಾಣಗಳೇ ಫ್ಲೂ ಜ್ವರವನ್ನು ನ್ಯುಮೋನಿಯಾಕ್ಕೆ ದೂಡುವಂಥವು. 11 ಎಂಬುದು ಆಯಿಯ ಒಟ್ಟು ಸ್ಥಿತಿಯ ಗುರುತು. ಜ್ವರ ಬಿಗಡಾಯಿಸಿದ ಅಪವಾದವನ್ನು ಅದೊಂದರ ತಲೆಗೆ ಕಟ್ಟಲಾಗದು.

ಹಾಗಾದರೆ ವಿಟಮಿನ್ ಕೊಟ್ಟು ನೋಡಿದವರಿಲ್ಲವೇ? ಇದ್ದಾರೆ, ದೊಡ್ಡ ಪ್ರಮಾಣದಲ್ಲೇ ಇದ್ದಾರೆ. ಬ್ರೆಜಿಲ್‌ನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದ 240 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದೇ ಸಲ 2 ಲಕ್ಷ ಯುನಿಟ್ ಡಿ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ದ್ರವ. ಎರಡೂ ಗುಂಪಿನವರು ಹೆಚ್ಚುಕಡಿಮೆ ಅಷ್ಟಷ್ಟೇ ದಿನ ಆಸ್ಪತ್ರೆಯಲ್ಲಿದ್ದರು. ಬ್ರಿಟನ್ನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು, ಡಿ ಕಡಿಮೆಯಿದ್ದವರಿಗೆ ದಿನವೂ ಮಾತ್ರೆ ಕೊಟ್ಟು ನೋಡಿದರು. ಶ್ವಾಸಕೋಶದ ಸೋಂಕು ಕಡಿಮೆಯಾಗಲಿಲ್ಲ. ನಾರ್ವೆಯಲ್ಲಿ 34 ಸಾವಿರ ಜನ ಚಳಿಗಾಲವಿಡೀ ದಿನಕ್ಕೊಂದು ಚಮಚ ಎಣ್ಣೆ ಕುಡಿದರು: ಕೆಲವರದು ಕಾಡ್ ಮೀನಿನ ಲಿವರ್ ಎಣ್ಣೆ, ಕೆಲವರದು ಮೆಕ್ಕೆಜೋಳದ ಎಣ್ಣೆ. ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡೂ ಫಲಿತಾಂಶ 2022ರಲ್ಲಿ ಹೊರಬಂದವು.

ಇನ್ನೊಂದು ಬದಿಯ ಮಾತನ್ನು ಮುಚ್ಚಿಡಬಾರದು. 2017ರಲ್ಲಿ 25 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಡಿ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಸೋಂಕು ಸ್ವಲ್ಪ ಕಡಿಮೆ ಕಂಡಿತ್ತು. ತೀರಾ ಕೊರತೆಯಿದ್ದು, ದಿನಕ್ಕೋ ವಾರಕ್ಕೋ ಚೂರುಚೂರು ತೆಗೆದುಕೊಂಡವರಿಗೆ ಲಾಭ ಹೆಚ್ಚಿತ್ತು. ಒಂದೇ ಸಲ ದೊಡ್ಡ ಪ್ರಮಾಣ ನುಂಗಿದವರಿಗೆ ಇರಲಿಲ್ಲ. ಆಮೇಲಿನ ದೊಡ್ಡ ಪ್ರಯೋಗಗಳನ್ನು ಸೇರಿಸುತ್ತ ಹೋದಂತೆ ಆ ಲಾಭವೂ ತೆಳ್ಳಗಾಯಿತು. ವಿಟಮಿನ್ ಸಿ ಕಥೆಯೂ ಇದೇ. ದಿನನಿತ್ಯ ತೆಗೆದುಕೊಳ್ಳುವ ದೊಡ್ಡವರಿಗೆ ನೆಗಡಿಯ ಅವಧಿ ಶೇ 8ರಷ್ಟು ಇಳಿಯುತ್ತದೆ. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಅದನ್ನೂ ನೆಚ್ಚುವಂತಿಲ್ಲ.

ವಿಟಮಿನ್ನಿನಿಂದ ಸೋಂಕಿಗೆ ಏನೂ ಆಗದು ಎಂದು ಮಾತ್ರ ಓದಿಕೊಳ್ಳಬೇಡಿ. ದಡಾರ ಬಂದ ಮಕ್ಕಳ ವಿಷಯದಲ್ಲಿ ವಿಟಮಿನ್ ಎ ಜೀವ ಉಳಿಸುವ ಔಷಧಿ. ದಡಾರವೂ ಉಸಿರಿನ ಮೂಲಕ ಹರಡುವ ವೈರಾಣು ರೋಗ. ಮಕ್ಕಳನ್ನು ಬಲಿ ತೆಗೆದುಕೊಳ್ಳುವುದು ಹೆಚ್ಚಾಗಿ ಅದರ ಹಿಂದೆ ಬರುವ ನ್ಯುಮೋನಿಯಾ. ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಯುನಿಟ್‌ನಂತೆ ಸಾಲಾಗಿ ಎರಡು ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಂಗನವಾಡಿಗಳಲ್ಲಿ ಆರು ತಿಂಗಳಿಗೊಮ್ಮೆ ಮಕ್ಕಳ ಬಾಯಿಗೆ ಹಾಕುವ ಆ ಹಳದಿ ದ್ರವ ಇದೇ ವಿಟಮಿನ್. ದಡಾರವು ಮೈಯಲ್ಲಿರುವ ಎ ಯನ್ನೂ ಬಸಿದುಬಿಡುತ್ತದೆ, ಕಣ್ಣು ಮತ್ತು ಶ್ವಾಸನಾಳದ ಒಳಪದರಕ್ಕೆ ಎ ಬೇಕೇಬೇಕು. ಅಲ್ಲಿ ಕೊರತೆಗೂ ರೋಗಕ್ಕೂ ಇರುವ ಕೊಂಡಿ ಪ್ರಯೋಗದಲ್ಲಿ ಸಾಬೀತಾಗಿದೆ. ಡಿ ಮತ್ತು ಫ್ಲೂ ನಡುವೆ ಹಾಗೆ ಆಗಿಲ್ಲ.

ಇನ್ನು, ಎಲ್ಲರೂ ಪೊಟ್ಟಣ ತೆಗೆದುಕೊಳ್ಳಿ ಎಂದು ನಾನೇಕೆ ಹಾಕಲಾರೆ? 2020ರಲ್ಲಿ ನಮ್ಮ ಪತ್ರಿಕೆಯಲ್ಲೂ ಅಂಥದೊಂದು ಸಲಹೆ ಅಚ್ಚಾಗಿತ್ತು. ನಾನೇ ನೋಡಿ ಬಿಟ್ಟದ್ದು, ತಪ್ಪು ಮಾಡಿದೆ. ಮರುವರ್ಷ ನಮ್ಮ ದೊಡ್ಡಪ್ಪನ ಮೇಜಿನ ಮೇಲೆ ಖಾಲಿ ಪೊಟ್ಟಣಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿದ್ದು ಕಣ್ಣಿಗೆ ಬಿತ್ತು. ಎಣಿಸಿದೆ, ಐವತ್ತೆಂಟು. ವಾರಕ್ಕೊಂದು ಎಂದಿದ್ದನ್ನು ಅಂಗಡಿಯಲ್ಲಿ ಯಾರೋ ದಿನಕ್ಕೊಂದು ಎಂದು ಹೇಳಿ ಕಳಿಸಿದ್ದರು. ಒಂದೊಂದರಲ್ಲಿ 60 ಸಾವಿರ ಯುನಿಟ್. ವಯಸ್ಸಾದವರಿಗೆ ದಿನಕ್ಕೆ ಬೇಕಾದ್ದು 600ರಿಂದ 800. ಅಷ್ಟರಲ್ಲಿ ಅವರಿಗೆ ತಿಂದದ್ದೆಲ್ಲ ವಾಂತಿ, ಎಷ್ಟು ನೀರು ಕುಡಿದರೂ ಬಾಯಾರಿಕೆ, ಮಲಬದ್ಧತೆ. ಮೊಮ್ಮಗಳ ಹೆಸರನ್ನೇ ಮರೆತಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಡಿ ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್. ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗೆ ಹೋಗುವುದಿಲ್ಲ. ದೊಡ್ಡಪ್ಪ ಸುಧಾರಿಸಲು ತಿಂಗಳುಗಳೇ ಬೇಕಾದವು.

ಆಯಿಗೆ ಡಿ ಬೇಡವೆನ್ನುತ್ತಿಲ್ಲ. 11 ಎಂದರೆ ಕೊರತೆಯೇ. 20ರ ಕೆಳಗಿದ್ದರೆ ವೈದ್ಯರು ಸಾಮಾನ್ಯವಾಗಿ ಸರಿಪಡಿಸುತ್ತಾರೆ. ಅದು ಮೂಳೆಗಾಗಿ, ಮಾಂಸಖಂಡದ ಬಲಕ್ಕಾಗಿ. ಆ ಸೊಂಟನೋವಿನಲ್ಲೂ ಕೊರತೆಯ ಪಾಲಿರಬಹುದು, ವೈದ್ಯರನ್ನು ಕೇಳಿ. ನಮ್ಮ ಜಿಲ್ಲೆಯಲ್ಲಿ ಮಳೆಗಾಲವೆಂದರೆ ಬಿಸಿಲಿಗೂ ಮೀನಿಗೂ ಒಟ್ಟೊಟ್ಟಿಗೆ ಬರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಂಗಡೆ, ತಾರಲೆಯಂಥ ಎಣ್ಣೆ ಮೀನು ಡಿ ಸಿಗುವ ಕೆಲವೇ ಆಹಾರಗಳಲ್ಲಿ ಸೇರಿದವು. ಘಟ್ಟದ ಮೇಲಿನ ನಮ್ಮ ಸಿರ್ಸಿಯ ಸಸ್ಯಾಹಾರಿಗಳಿಗಂತೂ ಅದೂ ಇಲ್ಲ, ದಿನವಿಡೀ ಅಡಿಕೆ ತೋಟದ ನೆರಳು ಬೇರೆ. ಫ್ಲೂ ಕೂಡ ನಮ್ಮಲ್ಲಿ ಮಳೆಗಾಲದಲ್ಲೇ ಏರುವುದರಿಂದ ಎರಡನ್ನೂ ಗಂಟು ಹಾಕಲು ಮನಸ್ಸು ಎಳೆಯುತ್ತದೆ. ಆದರೆ ಬಾಗಿಲು ಕಿಟಕಿ ಮುಚ್ಚಿ ಎಲ್ಲರೂ ಒಂದೇ ಜಗಲಿಯಲ್ಲಿ ಕೂರುವುದೂ ಆ ತಿಂಗಳುಗಳಲ್ಲೇ.

ದೊಡ್ಡದಾಗಿ ಹಾಕಿ ಎಂದಿರಿ. ಇದನ್ನು ಹಾಕುತ್ತೇನೆ: ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದ್ರೋಗ ಇರುವವರು ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ, ಅದನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕು. ಅಂಥವರಿಗೆ ಜ್ವರ ಬಂದರೆ ಕಷಾಯ ಕುಡಿಸಿ ನಾಲ್ಕು ದಿನ ಕಾಯಬೇಡಿ. ಫ್ಲೂ ವೈರಾಣುವಿನ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಉಸಿರು ಏದುತ್ತಿದ್ದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತು ತಡವರಿಸಿದರೆ ರಾತ್ರಿಯಾದರೂ ಸರಿ, ಹೊರಡಿ.

ಆಯಿಗೆ ವಾರಕ್ಕೊಂದರಂತೆ ಎಂಟು ಪೊಟ್ಟಣ ಬರೆದಿದ್ದಾರೆ ಎಂದಿದ್ದೀರಿ. ಗೋಡೆಯ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಗುರುತು ಹಾಕಿ, ಹಾಲಿನಲ್ಲಿ ಕಲಸಿ ಕುಡಿಸಿದ ಮೇಲೆ ಒಂದೊಂದನ್ನೇ ಅಡ್ಡಗೆರೆ ಎಳೆಯಿರಿ. ಎಂಟು ಮುಗಿದ ಮೇಲೆ ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ. ಮೋಡ ಕಳೆದ ಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗೆ ಆಯಿಯನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ. ಗಾಜಿನ ಕಿಟಕಿಯ ಒಳಗಿನ ಬಿಸಿಲಿನಿಂದ ಡಿ ಸಿಗದು. ಅವರು ಅಂಗಳಕ್ಕಿಳಿದ ದಿನ ನನಗೊಂದು ಕಾರ್ಡ್ ಬರೆಯಿರಿ.

– ಸಂಪಾದಕ