ಸೋವಿಯತ್ ಸೇನೆ 1979ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದದ್ದು ಅಲ್ಲಿನ ಸರ್ಕಾರವೇ ಕರೆದದ್ದರಿಂದ ಅಲ್ಲವೇ? ಅದನ್ನು ಆಕ್ರಮಣ ಎನ್ನುವುದು ಸರಿಯೇ?

ಕರೆದದ್ದು ನಿಜ. ಒಂದಲ್ಲ, ಹಲವು ಬಾರಿ ಕರೆದಿದ್ದರು. ಅದನ್ನೇ ಹಿಡಿದು 'ಆಕ್ರಮಣ ಎನ್ನುವುದು ಪಾಶ್ಚಾತ್ಯರ ಪ್ರಚಾರ' ಎಂದು ನಿಮ್ಮ ಸ್ನೇಹಿತರು ವಾದಿಸುತ್ತಾರೆ ಎಂದು ಬರೆದಿದ್ದೀರಿ. ಆದರೆ ಕರೆದಾಗ ಮಾಸ್ಕೋ ಹೋಗಲಿಲ್ಲ. ಹೋದಾಗ, ಕರೆದವರನ್ನೇ ಮುಗಿಸಿತು.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಈ ಕಥೆಯನ್ನು ಟ್ಯಾಂಕುಗಳಿಂದಲ್ಲ, ಒಂದು ದೂರವಾಣಿ ಕರೆಯಿಂದ ಆರಂಭಿಸುತ್ತಿದ್ದೆ. 1978ರ ಏಪ್ರಿಲ್‌ನಲ್ಲಿ ಅಫ್ಘಾನ್ ಅಧ್ಯಕ್ಷ ದಾವೂದ್ ಖಾನ್ ಅವರನ್ನು ಕೊಂದು ಅಧಿಕಾರ ಹಿಡಿದ ಕಮ್ಯುನಿಸ್ಟರ ವಿರುದ್ಧ ಮರುವರ್ಷ ಮಾರ್ಚ್‌ನಲ್ಲಿ ಹೆರಾತ್ ನಗರ ದಂಗೆಯೆದ್ದಿತು. ಅಲ್ಲಿದ್ದ ಸೈನಿಕರೂ ಬಂಡುಕೋರರ ಜೊತೆ ಸೇರಿಕೊಂಡರು. ಗಾಬರಿಬಿದ್ದ ಅಧ್ಯಕ್ಷ ನೂರ್ ಮೊಹಮ್ಮದ್ ತರಾಕಿ, ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್ ಅವರಲ್ಲಿ ಸೇನೆ ಬೇಡಿದರು. ಆ ಸಂಭಾಷಣೆಯ ದಾಖಲೆ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಬಂತು. ಓದಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಕಾರ್ಮಿಕರು ನಿಮ್ಮ ಬೆಂಬಲಕ್ಕಿಲ್ಲವೇ ಎಂದು ಕೊಸಿಗಿನ್ ಕೇಳುತ್ತಾರೆ. ಹೆರಾತ್‌ನಲ್ಲಿ ಕಾರ್ಮಿಕರಿರುವುದೇ ಒಂದೆರಡು ಸಾವಿರ ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ತರಬೇತಿ ಪಡೆದ ಅಷ್ಟೊಂದು ಅಧಿಕಾರಿಗಳು ಎಲ್ಲಿ ಹೋದರು ಎಂದರೆ, ಅವರಲ್ಲಿ ಹೆಚ್ಚಿನವರನ್ನು ನಂಬುವಂತಿಲ್ಲ ಎನ್ನುತ್ತಾರೆ ತರಾಕಿ. ಆಮೇಲೆ ಅವರೇ ಒಂದು ಉಪಾಯ ಹೇಳುತ್ತಾರೆ: ನಿಮ್ಮ ಟ್ಯಾಂಕುಗಳಿಗೆ ನಮ್ಮ ಗುರುತು ಹಾಕಿ, ಉಜ್ಬೆಕ್, ತಾಜಿಕ್ ಸೈನಿಕರನ್ನು ವೇಷ ಮರೆಸಿ ಕಳುಹಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಎರಡೇ ಗಂಟೆಯಲ್ಲಿ ಇಡೀ ಜಗತ್ತಿಗೆ ಗೊತ್ತಾಗುತ್ತದೆ ಎಂದು ಕೊಸಿಗಿನ್ ಅದನ್ನು ತಳ್ಳಿಹಾಕುತ್ತಾರೆ. ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ಕೂಡ ಆಗ ಸೇನೆ ಬೇಡವೆಂದೇ ತೀರ್ಮಾನಿಸಿತು.

ಮುಂದಿನ ಒಂಬತ್ತು ತಿಂಗಳಲ್ಲಿ ಕಾಬೂಲ್‌ನ ಗದ್ದುಗೆ ಕೈಬದಲಾಯಿತು. ಹಫೀಜುಲ್ಲಾ ಅಮೀನ್ ಸೆಪ್ಟೆಂಬರ್‌ನಲ್ಲಿ ತರಾಕಿಯನ್ನು ಕೆಳಗಿಳಿಸಿ, ಅಕ್ಟೋಬರ್‌ನಲ್ಲಿ ದಿಂಬಿನಿಂದ ಉಸಿರುಗಟ್ಟಿಸಿ ಕೊಲ್ಲಿಸಿದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಮಾಸ್ಕೋದಲ್ಲಿ ತರಾಕಿಯನ್ನು ಆದರದಿಂದ ಬರಮಾಡಿಕೊಂಡಿದ್ದ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಇದು ಮುಖಕ್ಕೆ ಹೊಡೆದಂತಾಯಿತು. ಅಮೀನ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರು ಅಮೆರಿಕದ ಕಡೆ ವಾಲಿಯಾರು ಎಂಬ ಶಂಕೆಯೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಇತ್ತು. ಡಿಸೆಂಬರ್ 12ರಂದು ಆದ ನಿರ್ಣಯವನ್ನು ಕೈಬರಹದಲ್ಲೇ ಬರೆದಿಟ್ಟರು. ದೇಶದ ಹೆಸರೂ ಇರದ ಅದರ ಶೀರ್ಷಿಕೆಯಲ್ಲಿದ್ದದ್ದು 'ಎ'ಯ ಪರಿಸ್ಥಿತಿ ಎಂದಷ್ಟೇ. ಕೊಸಿಗಿನ್ ಆ ಸಭೆಯಲ್ಲಿ ಇರಲಿಲ್ಲ. ಸೇನಾ ಮುಖ್ಯಸ್ಥ ಒಗಾರ್ಕೊವ್ ಎಚ್ಚರಿಸಿದ್ದರು, ಯಾರೂ ಕಿವಿಗೊಡಲಿಲ್ಲ.

ಡಿಸೆಂಬರ್ 25ರಂದು ಸೇನೆ ಅಮು ದರ್ಯಾ ನದಿ ದಾಟಿತು. ಅಮೀನ್ ಕೂಡ ಸೇನೆ ಕೇಳಿದ್ದವರೇ, ತಮ್ಮ ರಕ್ಷಣೆಗೇ ಬಂದಿದ್ದಾರೆ ಎಂದು ನಂಬಿದ್ದರು. 27ರ ಮಧ್ಯಾಹ್ನ ತಾಜ್‌ಬೆಗ್ ಅರಮನೆಯಲ್ಲಿ ಅವರ ಊಟಕ್ಕೆ ವಿಷ ಬೆರೆಸಲಾಯಿತು. ಸಂಚಿನ ಸುಳಿವೇ ಇಲ್ಲದ ಸೋವಿಯತ್ ವೈದ್ಯರು ಓಡಿಬಂದು ಅವರನ್ನು ಬದುಕಿಸಿದರು! ಸಂಜೆ ಸೋವಿಯತ್ ವಿಶೇಷ ಪಡೆ ನುಗ್ಗಿ ಅಮೀನ್‌ರನ್ನು ಕೊಂದಿತು. ಆ ವೈದ್ಯರಲ್ಲೊಬ್ಬರೂ ಗುಂಡಿಗೆ ಬಲಿಯಾದರು. ದಾಳಿಯಲ್ಲಿ ಇದ್ದವರಲ್ಲಿ ಅಫ್ಘಾನ್ ಸಮವಸ್ತ್ರ ತೊಟ್ಟ ಉಜ್ಬೆಕ್, ತಾಜಿಕ್ ಸೈನಿಕರ ತುಕಡಿಯೂ ಒಂದು. ತರಾಕಿಯ ಉಪಾಯ ಕೊನೆಗೂ ಬಳಕೆಗೆ ಬಂತು.

ಇನ್ನು ಜಗತ್ತು ಕೆರಳಿದ್ದು. ಇರಾನಿನ ಕ್ರಾಂತಿಯಿಂದ ಕಂಗೆಟ್ಟಿದ್ದ ಅಮೆರಿಕಕ್ಕೆ ಸೋವಿಯತ್ ಸೇನೆ ಕೊಲ್ಲಿಯ ತೈಲದತ್ತ ಹೆಜ್ಜೆ ಇಟ್ಟಂತೆ ಕಂಡಿತು. ಅಧ್ಯಕ್ಷ ಕಾರ್ಟರ್ ಸೋವಿಯತ್‌ಗೆ 1 ಕೋಟಿ 70 ಲಕ್ಷ ಟನ್ ಧಾನ್ಯದ ಮಾರಾಟ ತಡೆದರು, ಅಣ್ವಸ್ತ್ರ ಮಿತಿಯ ಸಾಲ್ಟ್-2 ಒಪ್ಪಂದವನ್ನು ಬದಿಗಿಟ್ಟರು, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಪಾಕಿಸ್ತಾನಕ್ಕೆ 40 ಕೋಟಿ ಡಾಲರ್ ಕೊಡುತ್ತೇವೆಂದಾಗ ಅಲ್ಲಿನ ಅಧ್ಯಕ್ಷ ಜಿಯಾ ಉಲ್ ಹಕ್ 'ಕಡಲೆಕಾಯಿ' ಎಂದು ಮೂಗು ಮುರಿದರು (ಕಾರ್ಟರ್ ಕಡಲೆಕಾಯಿ ಬೆಳೆಗಾರರು!). ಕಾರ್ಟರ್ ನಂತರ ರೇಗನ್ ಅಧ್ಯಕ್ಷರಾಗಿ ಬಂದ ಮೇಲೆ ಅದು 320 ಕೋಟಿಯಾಯಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸೋವಿಯತ್ ವಿಟೋ ಚಲಾಯಿಸಿದ್ದರಿಂದ ವಿಷಯ ಮಹಾಸಭೆಗೆ ಹೋಯಿತು. ವಿದೇಶಿ ಸೇನೆ ಹಿಂದೆ ಸರಿಯಲಿ ಎಂಬ ನಿರ್ಣಯದ ಪರ 104 ಮತ, ವಿರೋಧ 18. ಭಾರತ ಮತ ಹಾಕದೆ ಉಳಿಯಿತು. ನಿಮ್ಮ ಸ್ನೇಹಿತರ ವಾದ ಹೊಸತೇನಲ್ಲ, ಅಲ್ಲಿ ನಮ್ಮ ಪ್ರತಿನಿಧಿ ಬ್ರಜೇಶ್ ಮಿಶ್ರಾ ಓದಿದ್ದೂ ಅದನ್ನೇ: ಅಮೀನ್ ಡಿಸೆಂಬರ್ 26ರಂದು ಕೋರಿದರು, ಅವರ ಉತ್ತರಾಧಿಕಾರಿ 28ರಂದು ಮತ್ತೆ ಕೋರಿದರು, ಸೋವಿಯತ್ ಸರ್ಕಾರವೇ ಹಾಗೆಂದು ಭರವಸೆ ಕೊಟ್ಟಿದೆ ಎಂದು. ಸೇನೆ ಗಡಿ ದಾಟಿದ್ದು 25ಕ್ಕೆ. ಕೋರಿದವರು ಸತ್ತದ್ದು 27ಕ್ಕೆ. ಪಾಕಿಸ್ತಾನಕ್ಕೆ ಶಸ್ತ್ರಾಸ್ತ್ರ ಹರಿದುಬರುವ ಭಯ ದೆಹಲಿಗೆ ಇದ್ದದ್ದು ಸರಿ, 1971ರಲ್ಲಿ ಸೋವಿಯತ್ ತೋರಿದ ಸ್ನೇಹದ ಋಣವೂ ಸರಿ. ಆದರೂ ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಇಂದಿಗೂ ಮುಜುಗರವಾಗುತ್ತದೆ.

ಒಲಿಂಪಿಕ್ಸ್‌ಗೆ ನಾವು ಹೋದೆವು. ಹಾಕಿಯಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದೆವು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬೇಕಾದರೆ ಬೇರೆ ಪ್ರಶ್ನೆಯಾಗಿ ಕೇಳಿ.