ಸೂರ್ಯ ಮುಳುಗದ ಕಣಿವೆಯಲ್ಲಿ ಪಳೆಯುಳಿಕೆ ಹುಡುಕುವವರ ದಿನಚರಿ

ಪ್ರಶ್ನೆ: ನಾನು ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿಯಾದ ಟಿಕ್ಟಾಲಿಕ್‌ನ ಪಳೆಯುಳಿಕೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕಿತು ಎಂಬ ಒಂದೇ ಸಾಲು ನಮ್ಮ ಪಠ್ಯದಲ್ಲಿದೆ. ಅಂಥ ಜಾಗದಲ್ಲಿ ವಾರಗಟ್ಟಲೆ ಬೀಡುಬಿಟ್ಟವರ ದಿನ ಹೇಗೆ ಸಾಗುತ್ತದೆ? ಎಲ್ಲಿ ಹುಡುಕಬೇಕೆಂದು ಅವರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಟಿಕ್ಟಾಲಿಕ್ ಅನ್ನು ಪತ್ತೆಮಾಡಿದ, ನೀಲ್ ಶೂಬಿನ್, ಟೆಡ್ ಡೇಶ್ಲರ್ ಮತ್ತು ಫರಿಷ್ ಜೆಂಕಿನ್ಸ್ ಅವರಿದ್ದ ವಿಜ್ಞಾನಿಗಳ ತಂಡಕ್ಕೆ ಬೇಕಿದ್ದುದು ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆ. ಅದು ನದಿ ಹೊತ್ತು ತಂದ ಹೂಳಿನಿಂದ ಆಗಿರಬೇಕು, ಗಿಡಮರ ಮುಚ್ಚದೆ ಬರಿದಾಗಿಯೂ ಇರಬೇಕು. ಉತ್ತರ ಧ್ರುವದ ಹತ್ತಿರದ ಈ ಶೀತಮರುಭೂಮಿಯಲ್ಲಿ ಮೂರೂ ಕೂಡಿಬಂದಿದ್ದವು. ಕೆನಡಾದ ಭೂವಿಜ್ಞಾನಿ ಆಷ್ಟನ್ ಎಂಬ್ರಿ 1970ರ ದಶಕದಲ್ಲೇ ಅಲ್ಲಿನ ಫ್ರಾಮ್ ಶಿಲಾಸ್ತರವನ್ನು ವಿವರವಾಗಿ ಬರೆದಿಟ್ಟಿದ್ದರು. ಆ ಬಂಡೆ ರೂಪುಗೊಂಡ ಕಾಲದಲ್ಲಿ ಆ ನೆಲ ಭೂಮಧ್ಯರೇಖೆಯ ಸಮೀಪದಲ್ಲಿತ್ತು. ನಿಮ್ಮ ಧಾರವಾಡದ ಶಿಲೆಗಳಾದರೋ 250 ಕೋಟಿ ವರ್ಷಗಳಿಗೂ ಹಳೆಯವು. ಮೂಳೆಯುಳ್ಳ ಜೀವಿಯೇ ಹುಟ್ಟಿರದ ಕಾಲದ ಕಲ್ಲಿನಲ್ಲಿ ಮೂಳೆ ಹುಡುಕಿ ಫಲವಿಲ್ಲ. ನಕ್ಷೆ ಓದಲು ಬಾರದವನಿಗೆ ಎಷ್ಟು ನಡೆದರೂ ಏನೂ ದಕ್ಕುವುದಿಲ್ಲ ಎನ್ನುವುದು ಇದಕ್ಕೇ.

ನಕ್ಷೆ ಓದಲು ಬಲ್ಲವರಿಗೂ ಕಾಯುವುದು ತಪ್ಪಲಿಲ್ಲ. 1999ರಲ್ಲಿ ತಂಡ ಮೆಲ್ವಿಲ್ ದ್ವೀಪಕ್ಕೆ ಹೋಯಿತು. ಅಲ್ಲಿನ ಬಂಡೆ ಆಳ ಸಮುದ್ರದ್ದು, ಬೇಕಾದ ಜೀವಿ ಬದುಕಿದ್ದುದು ತೊರೆಯ ತೆಳುನೀರಿನಲ್ಲಿ. ಮರುವರ್ಷ ಪೂರ್ವಕ್ಕೆ, ಎಲ್ಸ್‌ಮಿಯರ್‌ಗೆ ಬಂದರು. ಬಂಡೆಯಿಂದ ಹೊರಚಾಚಿದ್ದ ಟಿಕ್ಟಾಲಿಕ್‌ನ ಚಪ್ಪಟೆ ಮೂತಿ ಕಣ್ಣಿಗೆ ಬಿದ್ದದ್ದು 2004ರ ಬೇಸಿಗೆಯಲ್ಲಿ, ಅದರ ವಿವರ ಪ್ರಕಟವಾದದ್ದು 2006ರಲ್ಲಿ.

ಇನ್ನು ದಿನಚರಿ. ಎಲ್ಸ್‌ಮಿಯರ್ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಒಂದಿಷ್ಟು ದೊಡ್ಡದು. ಸೇನಾ ನೆಲೆ, ಹವಾಮಾನ ಕೇಂದ್ರ ಬಿಟ್ಟರೆ ಊರೆಂದು ಇರುವುದು ಗ್ರೀಸ್ ಫಿಯರ್ಡ್ ಒಂದೇ. 2021ರ ಜನಗಣತಿಯಲ್ಲಿ ಅಲ್ಲಿ ಇದ್ದವರು 144 ಮಂದಿ. ಶಿಬಿರಕ್ಕೆ ಜನ, ಡೇರೆ, ಇಂಧನ, ಅಕ್ಕಿಕಾಳು ಎಲ್ಲವೂ ರೆಸಲ್ಯೂಟ್ ಎಂಬ ಊರಿನಿಂದ ಸಣ್ಣ ವಿಮಾನ ಅಥವಾ ಹೆಲಿಕಾಪ್ಟರಿನಲ್ಲಿ ಬರಬೇಕು. ಮಂಜು ಕವಿದರೆ ಯಾವುದೂ ಹಾರುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ರೆಸಲ್ಯೂಟ್‌ನ ನೆಲೆಯೊಡನೆ ರೇಡಿಯೊದಲ್ಲಿ ಮಾತಾಡಿ, ಎಲ್ಲರೂ ಕ್ಷೇಮವೆಂದು ತಿಳಿಸಬೇಕು. ಈ ಕರೆಯನ್ನು ಹಗುರವಾಗಿ ಕಾಣುವವರನ್ನು ಶಿಬಿರಕ್ಕೆ ಸೇರಿಸಿಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿಬಿರದ ಕರೆ ಬರಲಿಲ್ಲವೆಂದರೆ ಅತ್ತಕಡೆಯವರು ಹುಡುಕಾಟಕ್ಕೆ ಸಜ್ಜಾಗಬೇಕಾಗುತ್ತದೆ.

ತಿಂಡಿ ಮುಗಿಸಿ ನಡಿಗೆ. ಒಬ್ಬೊಬ್ಬರೂ ಇಳಿಜಾರಿನ ಒಂದೊಂದು ಪಟ್ಟಿಯನ್ನು ಹಿಡಿದು, ತಲೆ ತಗ್ಗಿಸಿ, ನಿಧಾನಕ್ಕೆ ಸಾಗುತ್ತಾರೆ. ಅಷ್ಟು ಉತ್ತರದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ, ಜಿಪಿಎಸ್ ಬೇಕೇ ಬೇಕು. ಮೊದಮೊದಲು ಹೊಸಬರಿಗೆ ಕಲ್ಲಲ್ಲದೆ ಬೇರೇನೂ ಕಾಣುವುದಿಲ್ಲ. ಆಮೇಲೆ ಒಂದು ಚೂರಿನ ಹೊಳಪು ಬೇರೆ ಅನಿಸುತ್ತದೆ. ಕೈಗೆತ್ತಿಕೊಂಡು ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಸಣ್ಣ ಸಣ್ಣ ರಂಧ್ರಗಳ ಜಾಲ. ಅದು ಮೂಳೆ. ಹಾಗೆ ಒಮ್ಮೆ ಕಣ್ಣು ಪಳಗಿತೆಂದರೆ, ನಿನ್ನೆ ದಾಟಿ ಹೋದ ಜಾಗದಲ್ಲೇ ಇಂದು ಹತ್ತಾರು ಚೂರುಗಳು ಸಿಗುತ್ತವೆ.

ಚೂರು ಸಿಕ್ಕ ಜಾಗದಲ್ಲಿ ಅಗೆಯುವುದಿಲ್ಲ. ನೀರು ಬಿರುಕಿಗಿಳಿದು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಬಂಡೆಯನ್ನು ಒಡೆಯುತ್ತದೆ. ಒಡೆದ ಚೂರುಗಳು ಕೆಳಕ್ಕೆ ಜಾರುತ್ತವೆ. ಆದ್ದರಿಂದ ಚೂರುಗಳ ಜಾಡು ಹಿಡಿದು ಮೇಲೇರಬೇಕು. ಜಾಡು ಎಲ್ಲಿ ನಿಲ್ಲುತ್ತದೆಯೋ ಅದರ ಆಸುಪಾಸಿನ ಪದರವೇ ಮೂಲ. ಅಲ್ಲಿಂದಾಚೆ ಮೊಣಕಾಲೂರಿ, ದಬ್ಬಳ, ಕುಂಚ ಹಿಡಿದು ಮಾಡುವ ಕೆಲಸ. ಮೂಳೆಯನ್ನು ಅಲ್ಲೇ ಪೂರ್ತಿ ಬಿಡಿಸುವುದಿಲ್ಲ. ಸುತ್ತಲಿನ ಕಲ್ಲುಸಮೇತ ಕಂದಕ ತೋಡಿ, ಒದ್ದೆ ಕಾಗದ ಹೊದಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆಯ ಪಟ್ಟಿಗಳನ್ನು ಸುತ್ತುತ್ತಾರೆ. ತಣ್ಣೀರಿನಲ್ಲಿ ಪ್ಲಾಸ್ಟರ್ ಬೇಗ ಗಟ್ಟಿಯಾಗುವುದಿಲ್ಲ. ಸ್ಟೌ ಹಚ್ಚಿ ನೀರು ಬಿಸಿ ಮಾಡಬೇಕು. ಬೆರಳು ಮರಗಟ್ಟಿದ್ದರೂ ಪಟ್ಟಿಯ ಮೇಲೆ ಅಂಗೈ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಬೇಕು, ಇಲ್ಲದಿದ್ದರೆ ಪ್ರಯಾಣದಲ್ಲಿ ಒಳಗಿನ ಕಲ್ಲು ಅಲುಗಾಡಿ ಪುಡಿಯಾಗುತ್ತದೆ. ಒಂದು ಮಗ್ಗುಲು ಗಟ್ಟಿಯಾದ ಮೇಲೆ ಎಲ್ಲರೂ ಸೇರಿ ಗಡ್ಡೆಯನ್ನು ಮಗುಚುವ ಆ ಗಳಿಗೆಯಿದೆಯಲ್ಲ, ಇಡೀ ಶಿಬಿರ ಉಸಿರು ಬಿಗಿಹಿಡಿಯುವುದು ಆಗ.

ಸಂಜೆ ಟಿಪ್ಪಣಿ. ಯಾವ ಪದರ, ಯಾವ ದಿಕ್ಕಿಗೆ ಮಲಗಿತ್ತು, ಜೊತೆಗೆ ಏನೇನಿತ್ತು ಎಂದು ಬರೆಯದ ಮೂಳೆ ಅರ್ಧ ಕಳೆದುಹೋದ ಮೂಳೆ. ದಣಿದವರು ಮೊದಲು ಬಿಡುವುದು ಇದನ್ನೇ, ಬಿಡಬಾರದ್ದೂ ಇದೇ.

ಪ್ರಶ್ನೆ: ಕತ್ತಲೇ ಆಗದ ಕಡೆ ನಿದ್ದೆ ಹೇಗೆ? ಹಿಮಕರಡಿಯ ಭಯವಿಲ್ಲವೇ? ಸಸ್ಯಾಹಾರಿಗಳಿಗೆ ಏನು ಗತಿ?

ಉತ್ತರ: ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ, ಗಡಿಯಾರ ನೋಡಿ ಮಲಗಬೇಕು. ಬೆಳಕಿದೆಯೆಂದು ನಡುರಾತ್ರಿಯವರೆಗೆ ಅಗೆಯುವ ಆಸೆ ಎಲ್ಲರಿಗೂ ಬರುತ್ತದೆ, ಮೂರನೇ ದಿನಕ್ಕೆ ಶರೀರ ಲೆಕ್ಕ ಕೇಳುತ್ತದೆ. ಗಾಳಿ ಎದ್ದರೆ ಡೇರೆಯ ಅಂಚಿಗೆ ಕಲ್ಲು ಹೇರಿ ಒಳಗೇ ಕೂರಬೇಕು, ಕೆಲವೊಮ್ಮೆ ದಿನಗಟ್ಟಲೆ. ಜಗಳ ಹುಟ್ಟುವುದೂ, ಒಬ್ಬರನ್ನೊಬ್ಬರು ಅರಿಯುವುದೂ ಆ ದಿನಗಳಲ್ಲೇ. ಸಹಪಯಣಿಗರನ್ನು ಆರಿಸುವಾಗ ಪದವಿಗಿಂತ ಸ್ವಭಾವ ನೋಡಬೇಕೆನ್ನುವುದು ಈ ಕಾರಣಕ್ಕೆ.

ಕರಡಿ ಬರುವುದುಂಟು. ಬಂದೂಕು, ಸದ್ದಿನ ಸಿಡಿಮದ್ದು, ಶಿಬಿರದ ಸುತ್ತ ಎಚ್ಚರಿಕೆಯ ತಂತಿ ಇರುತ್ತವೆ. ಅಡುಗೆ ಡೇರೆ ಮಲಗುವ ಡೇರೆಯಿಂದ ದೂರ. ಅನ್ನ, ಬೇಳೆ, ಓಟ್ಸ್, ಚೀಸ್, ಚಾಕೊಲೇಟಿನಲ್ಲಿ ಸಸ್ಯಾಹಾರಿಗಳು ನಿಭಾಯಿಸಬಹುದು. ತಾಜಾ ತರಕಾರಿಯನ್ನು ಮಾತ್ರ ಮರೆಯಬೇಕು.

ಪ್ರಶ್ನೆ: ಸಿಕ್ಕಿದ್ದರಲ್ಲಿ ಒಂದು ಚೂರನ್ನಾದರೂ ನೆನಪಿಗೆ ಇಟ್ಟುಕೊಳ್ಳಬಹುದೇ? ಇಂಥ ಕೆಲಸಕ್ಕೆ ಈಗಿನಿಂದಲೇ ಹೇಗೆ ತಯಾರಾಗಲಿ?

ಉತ್ತರ: ಇಲ್ಲ, ಒಂದು ಚೂರೂ ಇಲ್ಲ. ಆ ನೆಲ ನೂನಾವುಟ್ ಪ್ರಾಂತ್ಯದ್ದು, ಅನುಮತಿಯಿಲ್ಲದೆ ಪಳೆಯುಳಿಕೆ ಎತ್ತುವಂತಿಲ್ಲ. ಅಮೆರಿಕದ ಫಿಲಡೆಲ್ಫಿಯಾ ಮತ್ತು ಷಿಕಾಗೊಗಳಲ್ಲಿ ಅಧ್ಯಯನ ಮುಗಿದ ಬಳಿಕ ಟಿಕ್ಟಾಲಿಕ್ ಕೂಡ ಕೆನಡಾಕ್ಕೆ ಹಿಂತಿರುಗಿದೆ. ಹಾಗೆಯೇ ಆಗಬೇಕು.

ತಯಾರಿಗೆ ಉತ್ತರ ಧ್ರುವ ಬೇಕಿಲ್ಲ. ತಮಿಳುನಾಡಿನ ಅರಿಯಲೂರಿನ ಸುತ್ತ ಕ್ರಿಟೇಷಿಯಸ್ ಕಾಲದ, ಅಂದರೆ ಡೈನೋಸಾರ್ ಯುಗದ ಕೊನೆಯ ಘಟ್ಟದ, ಸಮುದ್ರದ ಪದರಗಳಿವೆ. ನಿಮ್ಮ ವಿಭಾಗದ ಅಧ್ಯಾಪಕರ ಜೊತೆ ಹೋಗಿ, ಏನನ್ನೂ ಕೀಳದೆ, ಒಂದೇ ಇಳಿಜಾರನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿ. ಪದರ ಪದರವಾಗಿ ಚಿತ್ರ ಬರೆಯಿರಿ, ಪ್ರತಿಯೊಂದರ ದಪ್ಪವನ್ನು ಅಳೆದು ಪಕ್ಕದಲ್ಲೇ ಗುರುತಿಸಿ. ಮರುದಿನ ಅದೇ ಇಳಿಜಾರಿಗೆ ಹೋಗಿ, ಹಿಂದಿನ ದಿನ ಕಾಣದೆ ಉಳಿದದ್ದನ್ನೆಲ್ಲ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಸೇರಿಸಿ.