ಚಕ್ರದ ಮೇಲಿನ ಹಳೇ ಹಟ್: ಎಷ್ಟು ಉಳಿಸೋದು, ಎಷ್ಟು ಬದಲಿಸೋದು?

ಪ್ರಶ್ನೆ: ನಾವು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಕನ್ನಡದವರು. ಹಳ್ಳಿ ಕಡೆ ಒಂದು ಮನೆ ತಗೊಂಡಿದ್ದೇವೆ. ಹಿತ್ತಲ ಬೇಲಿ ಪಕ್ಕ ಮುಳ್ಳುಬಳ್ಳಿಯೊಳಗೆ ಕುರಿಗಾಹಿಗಳ ಒಂದು ಹಳೇ ಶೆಫರ್ಡ್ ಹಟ್ ಇದೆ. ನಾಲ್ಕು ಎರಕದ ಕಬ್ಬಿಣದ ಚಕ್ರ, ಕಮಾನಿನಂತೆ ಬಾಗಿದ ತಗಡಿನ ಸೂರು, ಒಳಗೆ ಹಲಗೆ ಗೋಡೆ. ಒಂದು ಮೂಲೆಯಲ್ಲಿ ನೆಲ ಕೊಳೆತಿದೆ. ನೋಡಲು ಬಂದ ಬಡಗಿ 'ಚಕ್ರ ಇಟ್ಟುಕೊಂಡು ಮೇಲಿನದೆಲ್ಲ ಹೊಸದಾಗಿ ಕಟ್ಟಿಬಿಡೋಣ' ಅಂದರು. ನಮಗೆ ಮನಸ್ಸು ಒಪ್ಪುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ದಯವಿಟ್ಟು ಬಡಗಿಯ ಮಾತಿಗೆ ಒಪ್ಪಬೇಡಿ. ಚಕ್ರ ಹಳೇದು, ಮಿಕ್ಕಿದ್ದೆಲ್ಲ ಹೊಸದು ಅಂದರೆ ಅದು ಹೊಸ ಹಟ್ಟೇ, ಅಲ್ವಾ?

ಅದು ಯಾಕೆ ಹಾಗಿದೆ ಅಂತ ಮೊದಲು ತಿಳಿದುಕೊಳ್ಳಿ. ದಕ್ಷಿಣ ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು, ಮಂದೆ ಇನ್ನೊಂದು ಹೊಲಕ್ಕೆ ಹೋದರೆ ಕುದುರೆ ಕಟ್ಟಿ ಹಟ್ಟನ್ನೂ ಎಳೆದೊಯ್ಯುತ್ತಿದ್ದರು. ಕುರಿಗಳು ಮರಿ ಹಾಕುವ ಕಾಲದಲ್ಲಂತೂ ಕುರಿಗಾಹಿ ವಾರಗಟ್ಟಲೆ ಅದರಲ್ಲೇ ಇರುತ್ತಿದ್ದ. ಬಾಗಿಲು ಮೇಲೆ ಅರ್ಧ, ಕೆಳಗೆ ಅರ್ಧ ಬೇರೆಬೇರೆ ತೆರೆಯುವುದು ಗಾಳಿಗೆ ಮತ್ತು ಮಂದೆ ಮೇಲೆ ಕಣ್ಣಿಡುವುದಕ್ಕೆ. ಎರಡೂ ಪಕ್ಕದ ಪುಟ್ಟ ಕಿಟಕಿಗಳೂ ಅದಕ್ಕೇ. ಮಂಚದ ಕೆಳಗೆ ಗೂಡಿನಂಥದ್ದು ಇದ್ದರೆ ಅದು ತಬ್ಬಲಿ ಮರಿಗಳಿಗೆ, ಮೂಲೆಯ ಒಲೆ ಅವುಗಳನ್ನೂ ಅವನನ್ನೂ ಬೆಚ್ಚಗಿಡಲು. ಏನನ್ನೇ ಕೀಳುವ ಮುಂಚೆ 'ಇದು ಇಲ್ಲಿ ಯಾಕಿತ್ತು' ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಸದ್ಯಕ್ಕೆ ಮುಟ್ಟಬೇಡಿ.

ಕೆಲಸ ಕೆಳಗಿನಿಂದ ಶುರುವಾಗಲಿ. ಎಲ್ಲ ಕಡೆಯಿಂದ ಫೋಟೋ ತೆಗೆದು, ಸೂರಿನ ಮೇಲೆ ಗಾಳಿಯಾಡುವ ಹಾಗೆ ಟಾರ್ಪಾಲು ಹಾಕಿ. ಚಕ್ರಗಳು ಮಣ್ಣಿನಲ್ಲಿ ಹೂತಿದ್ದರೆ ಟ್ರ್ಯಾಕ್ಟರ್ ಕಟ್ಟಿ ಎಳೆಯಲೇಬೇಡಿ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀದಾ ಬಿರುಕು ಬಿಡುತ್ತದೆ, ಅದನ್ನು ವೆಲ್ಡಿಂಗ್ ಮಾಡುವುದು ಸಾಮಾನ್ಯ ವೆಲ್ಡರ್‌ನ ಕೈಗೆ ಬಗ್ಗುವ ಕೆಲಸ ಅಲ್ಲ. ಕೈಯಿಂದ ಮಣ್ಣು ಬಿಡಿಸಿ, ಅಚ್ಚಿನ ಹತ್ತಿರ ಜಾಕ್ ಕೊಟ್ಟು ನಿಧಾನಕ್ಕೆ ಎತ್ತಿ, ಪ್ರತಿ ಚಕ್ರದಡಿ ಚಪ್ಪಡಿ ಕಲ್ಲು ಇಡಿ. ಬುಡ ಸಮ ಆಗದೆ ಬಾಗಿಲು ಕಿಟಕಿ ಸರಿಮಾಡಿದರೆ ಆಮೇಲೆ ಎಲ್ಲ ಮತ್ತೆ ಸೊಟ್ಟಗಾಗುತ್ತವೆ.

ಆಮೇಲೆ ನೆಲದಡಿಯ ತೊಲೆಗಳು. ಸ್ಕ್ರೂಡ್ರೈವರ್ ತುದಿಯಿಂದ ಉದ್ದಕ್ಕೂ ಚುಚ್ಚುತ್ತಾ ಹೋಗಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಬೆಣ್ಣೆಯ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ತುದಿಗಳೇ ಹೋಗಿರುತ್ತವೆ. ಹೋದಷ್ಟನ್ನು ಮಾತ್ರ ಉದ್ದಕ್ಕೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಮರದ ತುಂಡು ಜೋಡಿಸಿ. ಜೋಡಣೆ ಎದ್ದು ಕಂಡರೂ ಪರವಾಗಿಲ್ಲ, ಮುಚ್ಚಿಡುವಂಥದ್ದೇನೂ ಅಲ್ಲ.

ಒಳಗೋಡೆಯ ಹಲಗೆ ಬಿಚ್ಚಲೇಬೇಕಾದರೆ ಪ್ರತಿಯೊಂದರ ಹಿಂಬದಿ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಬಿಚ್ಚುವ ಮುಂಚೆ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಪೆನ್ಸಿಲಿನಲ್ಲಿ ಗೀಚಿದ ಲೆಕ್ಕದ ಗೆರೆ, ತಾರೀಕು, ಯಾರದೋ ಹೆಸರಿನ ಮೊದಲಕ್ಷರ ಕಾಣಬಹುದು. ಮರ ಉಜ್ಜುವ ಯಂತ್ರ, ಅಂದರೆ ಸ್ಯಾಂಡರ್, ಒಂದು ಸಲ ಓಡಿದರೆ ಎಲ್ಲ ಹೋಯಿತು. ಇನ್ನೊಂದು ವಿಷಯ, ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಪರೀಕ್ಷೆ ಮಾಡಿಸದೆ ಒಣಗಿದ್ದಾಗ ಉಜ್ಜಬೇಡಿ. ಮಕ್ಕಳಿದ್ದರಂತೂ ಖಂಡಿತ ಬೇಡ.

ಪ್ರಶ್ನೆ: ತಗಡಿಗೆಲ್ಲ ತುಕ್ಕು. ಪೂರ್ತಿ ಬದಲಿಸಬೇಕಾ? ಚಳಿ ತಡೆಯಲು ಒಳಗೆ ಫೋಮ್ ಹೊಡೆಸಬಹುದಾ?

ಉತ್ತರ: ಮೇಲಿನ ತುಕ್ಕು ತುಕ್ಕೇ ಅಲ್ಲ ಅಂದುಕೊಳ್ಳಿ. ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದರೆ ಇನ್ನೂ ಬಹಳ ವರ್ಷ ಬರುತ್ತದೆ. ತೂತಾದ ಶೀಟು ಮಾತ್ರ ಬದಲಿಸಿ. ಹೊಸದು ತರುವಾಗ ಹಳೆಯದರ ಅಲೆಯಿಂದ ಅಲೆಗೆ ಅಳತೆ ತೆಗೆದುಕೊಂಡು ಹೋಗಿ, ಹೆಚ್ಚಾಗಿ 3 ಇಂಚು ಇರುತ್ತದೆ. ಈಗ ಗೋದಾಮಿಗೆ ಹಾಕುವ ಚೌಕ ಏಣಿನ ಶೀಟು ಬೇಡವೇ ಬೇಡ, ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ.

ಫೋಮ್‌ಗೆ ನಾನು ಪೂರ್ತಿ ವಿರುದ್ಧ. ಒಳಗೆ ಜನ ಉಸಿರಾಡಿದ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಹಳೇ ಹಟ್‌ನ ಸಂದಿಗಳಲ್ಲಿ ಗಾಳಿಯಾಡಿ ಅದು ಒಣಗುತ್ತಿತ್ತು. ಫೋಮ್ ಆ ದಾರಿ ಮುಚ್ಚುತ್ತದೆ, ನೀರು ಮರದ ಪಕ್ಕದಲ್ಲೇ ನಿಲ್ಲುತ್ತದೆ. ಮೇಲಾಗಿ ಅದು ಮರಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆಂದರೆ ಮುಂದೆ ಯಾರೂ ಬಿಚ್ಚಿ ರಿಪೇರಿ ಮಾಡುವ ಹಾಗೇ ಇಲ್ಲ. ಕುರಿ ಉಣ್ಣೆಯ ಹಾಸು ಸಿಗುತ್ತದೆ, ಅದನ್ನು ತುಂಬಿಸಿ ತಗಡಿನ ಹಿಂದೆ ಸ್ವಲ್ಪ ಗಾಳಿಗೆ ಜಾಗ ಬಿಡಿ. ಹೊರಗಿನ ಮರಕ್ಕೆ ಅಗಸೆ ಎಣ್ಣೆಯ ಬಣ್ಣ ಒಳ್ಳೆಯದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಸಿ ಒಣಗಿಸಿ.

ಪ್ರಶ್ನೆ: ಹಳೇ ಒಲೆ ಉರಿಸಬಹುದಾ? ಮುಂದೆ ಅತಿಥಿಗಳಿಗೆ ಬಾಡಿಗೆಗೆ ಕೊಡುವ ಆಸೆಯೂ ಇದೆ.

ಉತ್ತರ: ಒಲೆಯಲ್ಲಿ ಬಿರುಕಿಲ್ಲದಿದ್ದರೆ ಉರಿಸಬಹುದು, ಆದರೆ ಹೊಗೆ ಕೊಳವೆ ಹೊಸದೇ ಆಗಬೇಕು, ಗಾಳಿಕಿಂಡಿ ಮುಚ್ಚಬಾರದು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಅಷ್ಟು ಚಿಕ್ಕ ಕೋಣೆಯಲ್ಲಿ ಆ ಅನಿಲ ಮಲಗಿದವರನ್ನು ಏಳಿಸುವುದೇ ಇಲ್ಲ. ಇಲ್ಲಿ ಮಾತ್ರ ಹಳೇ ರೂಪದ ಮಾತು ಬೇಡ. ಬಾಡಿಗೆಗೆ ಕೊಡಲು ಕೌನ್ಸಿಲ್ ಅನುಮತಿ ಬೇಕಾಗಬಹುದು, ಖರ್ಚು ಮಾಡುವ ಮುಂಚೆಯೇ ವಿಚಾರಿಸಿ. ಬಚ್ಚಲು, ಅಡುಗೆಮನೆ ಎಲ್ಲವನ್ನೂ ಹಟ್ ಒಳಗೇ ತುರುಕಬೇಡಿ. ಪಕ್ಕದಲ್ಲಿ ಬೇರೆ ಕಟ್ಟಿಕೊಳ್ಳಿ.

ಪ್ರಶ್ನೆ: ನಮ್ಮ ಹಟ್ ಎಷ್ಟು ಹಳೇದು ಅಂತ ಹೇಗೆ ತಿಳಿಯೋದು?

ಉತ್ತರ: ಚಕ್ರದ ನಡುವಿನ ಗುಂಬ ಮತ್ತು ಅಚ್ಚು ನೋಡಿ. ಬ್ರಾಟನ್‌ನ ರೀವ್ಸ್, ಆಂಡೋವರ್‌ನ ಟಾಸ್ಕರ್ಸ್‌ನಂಥ ಕಾರ್ಖಾನೆಗಳು ಹಟ್ ಮಾಡಿ ಮಾರುತ್ತಿದ್ದವು, ಕೆಲವು ತಯಾರಕರ ಹೆಸರು ಕಬ್ಬಿಣದಲ್ಲೇ ಎರಕವಾಗಿರುತ್ತದೆ. ಅಲೆ ತಗಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1829ರಲ್ಲಿ, ಹಾಗಾಗಿ ಈ ತಗಡು ಅದಕ್ಕಿಂತ ಹಿಂದಿನದಂತೂ ಅಲ್ಲ. ಆದರೆ ಮರದ ಹಟ್‌ಗೆ ಆಮೇಲೆ ತಗಡು ಹೊದಿಸಿರಲೂಬಹುದು. ಗುಂಬವನ್ನು ಮರಳು ಹೊಡೆಸಿ ಸ್ವಚ್ಛ ಮಾಡಿಸಬೇಡಿ, ಅಕ್ಷರದ ಅಂಚು ಸವೆಯುತ್ತದೆ. ಗಟ್ಟಿ ಕೂದಲಿನ ಬ್ರಷ್ ಸಾಕು. ಹೆಸರು ಓದಲಾಗದಿದ್ದರೆ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ.